ಎರಡು ತಕ್ಕಡಿ

2008ರಲ್ಲಿ ನಾರಿಮನ್ ಹೌಸಿನ ಹತ್ಯೆಗಳನ್ನು ಕಂಡ ಮುಂಬಯಿಯವರಾದ ನಮಗೆ ಯೆಹೂದಿಗಳ ಭಯ ಅಪರಿಚಿತವಲ್ಲ. ಆದರೂ ಇಸ್ರೇಲಿನ ಭದ್ರತೆಯ ಮಾತು ಬಂದೊಡನೆ ನಮ್ಮ ಚರ್ಚೆಗಳಲ್ಲಿ ಎರಡು ತಕ್ಕಡಿಗಳು ಹೊರಬರುತ್ತವೆ.

ಪಶ್ಚಿಮ ದಂಡೆಯ ತಡೆಗೋಡೆಯನ್ನೇ ನೋಡೋಣ. 2002ರ ಮಾರ್ಚ್‌ನಲ್ಲಿ ನೆತನ್ಯಾ ನಗರದ ಹೋಟೆಲೊಂದರಲ್ಲಿ ಪಾಸೋವರ್ ಹಬ್ಬದ ಊಟಕ್ಕೆ ಸೇರಿದ್ದವರ ನಡುವೆ ಆತ್ಮಾಹುತಿ ಬಾಂಬು ಸಿಡಿದು 30 ಮಂದಿ ಸತ್ತರು. ಅದೇ ವರ್ಷ ಗೋಡೆ ಏಳತೊಡಗಿತು. ಗೋಡೆಯನ್ನು ಖಂಡಿಸುವ ಹಲವರು ಆ ಊಟದ ಮನೆಯನ್ನು ನೆನೆಯುವುದೇ ಇಲ್ಲ. ಸತ್ತವರು ಯೆಹೂದಿಗಳಾದರೆ ಅದಕ್ಕೇನೋ ಕಾರಣವಿದ್ದೀತು ಎಂಬ ಧಾಟಿ. ಇದು ದ್ವೇಷವಲ್ಲದೆ ಮತ್ತೇನು?

ಆದರೆ ಗೋಡೆಯ ಬಹುಭಾಗ ಸಾಗುವುದು ಗಡಿರೇಖೆಯ ಮೇಲಲ್ಲ, ಪಶ್ಚಿಮ ದಂಡೆಯ ಒಳಗೆ. ರೈತ ಒಂದು ಕಡೆ, ಅವನ ಆಲಿವ್ ತೋಟ ಇನ್ನೊಂದು ಕಡೆ. ಇಷ್ಟು ಹೇಳಿದವನಿಗೆ ಯೆಹೂದಿದ್ವೇಷಿಯೆಂಬ ಪಟ್ಟ! ಪ್ಯಾಲೆಸ್ಟೀನಿಯರೆಲ್ಲರೂ ಭಯೋತ್ಪಾದಕರೆಂದವನಿಗೆ ಮಾತ್ರ ಯಾವ ಪಟ್ಟವೂ ಇಲ್ಲ. 2004ರ ಜೂನ್‌ನಲ್ಲಿ ಬೇತ್ ಸೂರಿಕ್ ಗ್ರಾಮದವರ ಅರ್ಜಿಯನ್ನು ಆಲಿಸಿ, ಭದ್ರತೆಗಾಗಿ ಗೋಡೆ ಕಟ್ಟಬಹುದು, ಆದರೆ ಹಳ್ಳಿಗರಿಗಾಗುವ ಹಾನಿ ಮಿತಿಮೀರಬಾರದೆಂದು ಹೇಳಿ ಸೇನೆಯ ಹಲವು ಆದೇಶಗಳನ್ನು ರದ್ದುಪಡಿಸಿದ್ದು ಇಸ್ರೇಲಿನದೇ ಸರ್ವೋಚ್ಚ ನ್ಯಾಯಾಲಯ. ಆ ನ್ಯಾಯಮೂರ್ತಿಗಳಿಗೂ ಅದೇ ಪಟ್ಟ ಕಟ್ಟೋಣವೇ?