ದಾಖಲೆಯಲ್ಲಿ ಇಲ್ಲದವರ ನೆಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಗೊಲ್ಲರಹಟ್ಟಿಗಳಿಂದ ವಿದ್ವಾಂಸರು ಜುಂಜಪ್ಪನ ಕಾವ್ಯವನ್ನೂ ಪಶುಪಾಲನೆಯ ಆಚರಣೆಗಳನ್ನೂ ಆಸ್ಥೆಯಿಂದ ಸಂಗ್ರಹಿಸಿದ್ದಾರೆ. ಆದರೆ ಗಂಡು-ಹೆಣ್ಣೆಂಬ ವಿಭಜನೆಗೆ, ಮದುವೆಯ ಚೌಕಟ್ಟಿಗೆ ಒಗ್ಗದವರ ಬದುಕು ಆ ಬರಹಗಳಲ್ಲಿ ವಿರಳ. ಬರೆಯದೆ ಉಳಿದುದು ಇರಲೇ ಇಲ್ಲವೆಂದು ತೀರ್ಮಾನಿಸುವುದು ತರವಲ್ಲ.

ಬುಡಕಟ್ಟುಗಳಿಗೂ ಇಂಥವರಿಗೂ ಒದಗಿದ ಕಳಂಕ ಒಂದೇ ಮೂಲದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಮೊದಲ ಭಾಗ ಅಲೆಮಾರಿಗಳನ್ನೂ ಎರಡನೆಯ ಭಾಗ ಹಿಜಡಾಗಳನ್ನೂ ಸರ್ಕಾರದ ಪಟ್ಟಿಗೆ ಸೇರಿಸಲು ಅವಕಾಶವಿತ್ತಿತು. ಸುಪ್ರೀಂ ಕೋರ್ಟು 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಮನ್ನಣೆ ನೀಡಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಸಂದಿತು.

ಈ ಮನ್ನಣೆ ನೆಲದವರೆಗೆ ಇಳಿದಿದೆಯೇ? 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕುಪತ್ರವು ವಿವಾಹಿತರಿಗೆ ಜಂಟಿಯಾಗಿಯೂ ಒಂಟಿ ಯಜಮಾನಿಕೆಯ ಮನೆಗೆ ಒಬ್ಬರ ಹೆಸರಿನಲ್ಲಿಯೂ ದೊರೆಯುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಆದ್ದರಿಂದ ಜೊತೆಯಾಗಿ ಕುರಿ ಮೇಯಿಸಿ, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ಇಬ್ಬರು ಹೆಂಗಸರು ದಂಪತಿಗಳೆಂದು ಜಂಟಿ ಹಕ್ಕು ಕೇಳಲಾಗದು. ಪತ್ರವುಳ್ಳವಳು ಕಣ್ಮುಚ್ಚಿದರೆ ಹಕ್ಕು ರಕ್ತಸಂಬಂಧಿಗಳದು, ಉಳಿದವಳಿಗೆ ನೆಲೆಯಿಲ್ಲ.

ಒಂಟಿ ಅರ್ಜಿದಾರರನ್ನು ಮದುವೆಯ ಪ್ರಶ್ನೆಯಿಂದ ನೋಯಿಸದೆ ಅರಣ್ಯ ಹಕ್ಕು ಸಮಿತಿಗಳು ಅವರ ಹಕ್ಕನ್ನು ಎತ್ತಿಹಿಡಿಯಲಿ. ಸಂಶೋಧಕರು ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯಲಿ. ಹೊರಗಿನ ಹೆಸರುಗಳನ್ನು ಹಟ್ಟಿಯ ಮೇಲೆ ಹೇರದಿರಲಿ. ಬೆಟ್ಟವನ್ನು ಉಳಿಸಹೊರಟವರು ಬೆಟ್ಟದ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.