ಪುಟಿಯುವ ಚೆಂಡು, ಕರಗುವ ನೂರು ರೂಪಾಯಿ

ಒಂದು ರಬ್ಬರ್ ಚೆಂಡನ್ನು 100 ಸೆಂಟಿಮೀಟರ್ ಎತ್ತರದಿಂದ ಗಚ್ಚಿನ ನೆಲಕ್ಕೆ ಬಿಡಿ. ಅದು ಮತ್ತೆ ನೂರಕ್ಕೆ ಏರುವುದಿಲ್ಲ. ಮೊದಲ ಸಲ 80ಕ್ಕೆ ಏರಿತೆನ್ನಿ. ಎರಡನೇ ಸಲ 64, ಮೂರನೇ ಸಲ 51. ಪ್ರತಿ ಪುಟಿತಕ್ಕೂ ನೆಲ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಕುದುರೆ ರೇಸಿನಲ್ಲಿ ಬಾಜಿ ಕಟ್ಟಿದ ಹಣದ ಗತಿಯೂ ಹೀಗೆಯೇ.

‘ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಮಗೆ ರೇಸಿನ ಲೆಕ್ಕ ಯಾಕೆ ಸರ್?’ ಎಂದು ಪಾಲಕರು ಕೇಳಬಹುದು. ನಿಜ, ರೇಸ್ ನಡೆಯುವುದು ದೂರದ ಬೆಂಗಳೂರು, ಮೈಸೂರುಗಳಲ್ಲಿ. ಆದರೆ ಈ ಲೆಕ್ಕ ತಿಳಿದರೆ ನಮ್ಮ ಓಣಿಯಲ್ಲೇ ನಡೆಯುವ ಇನ್ನೊಂದು ಆಟದ ಲೆಕ್ಕವೂ ತಿಳಿಯುತ್ತದೆ. ಅದಕ್ಕೆ ಆಮೇಲೆ ಬರೋಣ.

ರೇಸ್ ಕೋರ್ಸಿನ ಟೋಟಲೈಜೇಟರ್ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟುಹಾಕಿದವನು ಜೋಸೆಫ್ ಒಲ್ಲೆರ್. ಬಾಜಿಯ ಹಣವೆಲ್ಲ ಒಂದೇ ಗಡಿಗೆಗೆ ಬೀಳುತ್ತದೆ. ಕ್ಲಬ್ಬು ಮೊದಲು ತನ್ನ ಪಾಲು ತೆಗೆದುಕೊಂಡು, ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರಿಗೆ ಹಂಚುತ್ತದೆ. ಗಡಿಗೆಯಲ್ಲಿ ಒಂದು ಲಕ್ಷ ಇದೆ, ಗೆದ್ದ ಕುದುರೆಯ ಮೇಲೆ ಬಿದ್ದ ಹಣ 30,000 ಎಂದಿಟ್ಟುಕೊಳ್ಳಿ. ಕಡಿತ ನೂರಕ್ಕೆ 10 ಆದರೆ ಹಂಚಲು 90,000 ಉಳಿಯುತ್ತದೆ, ಒಂದು ರೂಪಾಯಿಗೆ 3 ರೂಪಾಯಿ. ಕಡಿತ 20 ಆದರೆ ಒಂದಕ್ಕೆ 2 ರೂಪಾಯಿ 66 ಪೈಸೆ. ಯಾವ ಕುದುರೆ ಗೆದ್ದರೂ ಕ್ಲಬ್ಬಿಗೆ ಚಿಂತೆಯಿಲ್ಲ. ಜೂಜುಗಾರನ ಕುಸ್ತಿ ಪಕ್ಕದಲ್ಲಿ ನಿಂತ ಇನ್ನೊಬ್ಬ ಜೂಜುಗಾರನ ಜೊತೆಗೆ. (ಈ ಕೂಡು-ಭಾಗಾಕಾರ ಮಾಡಲು ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರ್ ತಯಾರಿಸಿದ ಭಾರೀ ಯಂತ್ರ 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಓಡಿತು. ಕಂಪ್ಯೂಟರಿನ ಅಜ್ಜನೆನ್ನಲು ಅಡ್ಡಿಯಿಲ್ಲ.)

ಒಬ್ಬ 100 ರೂಪಾಯಿ ತಂದು ಒಂದೇ ದಿನ ಏಳು ರೇಸುಗಳಲ್ಲಿ, ಪ್ರತಿ ಸಲ ಕೈಗೆ ಬಂದದ್ದನ್ನೆಲ್ಲ ಮತ್ತೆ ಕಟ್ಟುತ್ತಾನೆ. ಸರಾಸರಿ ಲೆಕ್ಕದಲ್ಲಿ, ಕಡಿತ 20 ಆದರೆ ಸಂಜೆಗೆ ಉಳಿಯುವುದು 21 ರೂಪಾಯಿ. ಕಡಿತ 10 ಆದರೆ 48 ರೂಪಾಯಿ. ಆಟಗಾರನಿಗೆ ಕಡಿತ ಇಳಿದರೆ ಒಳ್ಳೆಯದೇ. ಆದರೆ ಕ್ಲಬ್ಬಿಗೆ 79 ಬರುವ ಜಾಗದಲ್ಲಿ 52 ಬಂತಲ್ಲ, ಅದಕ್ಕೇನು ಲಾಭ?

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಜೇಬಿನಲ್ಲಿ 48 ಉಳಿದವನು ಮುಂದಿನ ವಾರವೂ ಬರುತ್ತಾನೆ; ಬರಿಗೈಯಲ್ಲಿ ಹೋದವನು ಬರುವುದು ಅನುಮಾನ. ಆ ನೂರು ರೂಪಾಯಿ ಪೂರ್ತಿ ಕರಗುವವರೆಗೆ ತಿರುಗಿದರೆ 20ರ ಕಡಿತದಲ್ಲಿ ಒಟ್ಟು ವಹಿವಾಟು 500 ರೂಪಾಯಿ, 10ರ ಕಡಿತದಲ್ಲಿ 1,000. ಎರಡೂ ಕಡೆ ಕ್ಲಬ್ಬಿಗೆ ಸಿಗುವುದು ಅದೇ ನೂರು. ಎಂದರೆ ಕಡಿತವನ್ನು ಅರ್ಧಕ್ಕೆ ಇಳಿಸಿದವನು ವಹಿವಾಟು ಎರಡು ಪಟ್ಟಾಗುವವರೆಗೆ ತಾಳಿಕೊಳ್ಳಬೇಕು. ಅದನ್ನೂ ಮೀರಿ ಹೊಸಬರು ಬಂದರೆ ಆಗ ಲಾಭ.

ಬ್ರಿಟನ್ನಿನಲ್ಲಿ ಅಂಗಡಿಯಲ್ಲಿ ಬಾಜಿ ಕಟ್ಟುವವನು ನೂರಕ್ಕೆ 9ರಂತೆ ಸುಂಕ ತೆರುತ್ತಿದ್ದ. ಅಕ್ಟೋಬರ್ 2001ರಲ್ಲಿ ಅದನ್ನು ತೆಗೆದುಹಾಕಿ, ಬುಕ್‌ಮೇಕರನ ಗಳಿಕೆಯ ಮೇಲೆ ಮಾತ್ರ ಶೇ 15 ತೆರಿಗೆ ಹಾಕಿದರು. ವಹಿವಾಟು ಜಿಗಿಯಿತು. ಹಾಂಗ್‌ಕಾಂಗಿನಲ್ಲಿ 1996-97ರಲ್ಲಿ ಸುಮಾರು 9,200 ಕೋಟಿ ಹಾಂಗ್‌ಕಾಂಗ್ ಡಾಲರ್ ಇದ್ದ ರೇಸಿನ ವಹಿವಾಟು 2005-06ಕ್ಕೆ 6,000 ಕೋಟಿಯ ಆಸುಪಾಸಿಗೆ ಇಳಿದಿತ್ತು. 2006ರಲ್ಲಿ ಅವರೂ ಸುಂಕವನ್ನು ವಹಿವಾಟಿನಿಂದ ಗಳಿಕೆಯ ಮೇಲಕ್ಕೆ ಬದಲಿಸಿದರು. ದೊಡ್ಡ ಮೊತ್ತ ಸೋತವರಿಗೆ ಒಂದಿಷ್ಟು ಹಣ ಮರಳಿಸಲೂ ಆರಂಭಿಸಿದರು. 2013-14ರಲ್ಲಿ ವಹಿವಾಟು 10,000 ಕೋಟಿ ದಾಟಿತು. ಎರಡು ಸಂಗತಿ ಒಂದರ ಹಿಂದೊಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಬಾರದು ಎಂದು ನಾವೇ ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಬೇರೆ ಕಾರಣಗಳೂ ಸೇರಿರಬಹುದು. ಆದರೂ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದು ಕಾಣುತ್ತದೆ.

ನಮ್ಮ ರಾಜ್ಯದಲ್ಲಿ ಗಾಳಿ ಬೀಸಿದ್ದು ತಿರುಗು ದಿಕ್ಕಿನಲ್ಲಿ. 2017ರಲ್ಲಿ ಜಿಎಸ್‌ಟಿ ಬಂದಾಗ ದರ ಶೇ 28. ಅದನ್ನು ಕ್ಲಬ್ಬಿನ ಪಾಲಿನ ಮೇಲಲ್ಲ, ಕಟ್ಟಿದ ಪೂರ್ತಿ ಹಣದ ಮೇಲೆ ಎಣಿಸಬೇಕೆಂದು 2018ರ ಜನವರಿಯಲ್ಲಿ ನಿಯಮವಾಯಿತು. ಬೆಂಗಳೂರು ಟರ್ಫ್ ಕ್ಲಬ್ಬು ಮತ್ತು ಮೈಸೂರು ರೇಸ್ ಕ್ಲಬ್ಬು ಹೈಕೋರ್ಟಿನ ಮೆಟ್ಟಿಲೇರಿದವು. ವಾದ ಗಂಗಾವತಿಯ ಭತ್ತದ ಪೇಟೆಯವರಿಗೆ ಸುಲಭವಾಗಿ ತಿಳಿಯುವಂಥದು: ದಲಾಲಿ ಅಂಗಡಿಗೆ ಲಕ್ಷ ರೂಪಾಯಿಯ ಮಾಲು ಬಂದರೆ ದಲಾಲರ ಆದಾಯ ಲಕ್ಷವಲ್ಲ, ದಲಾಲಿ ಮಾತ್ರ. 2021ರ ಜೂನ್ 2ರಂದು ನ್ಯಾಯಾಲಯ ಕ್ಲಬ್ಬುಗಳ ಮಾತನ್ನು ಒಪ್ಪಿ, ಟೋಟಲೈಜೇಟರಿಗೆ ಸಂಬಂಧಿಸಿದಂತೆ ಆ ನಿಯಮವನ್ನು ರದ್ದು ಮಾಡಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಕಾನೂನಿನಲ್ಲೇ ಕುದುರೆ ರೇಸಿನ ಹೆಸರು ಸೇರಿತು. 2025ರ ಸೆಪ್ಟೆಂಬರ್ 22ರಿಂದ ದರ ಶೇ 40 ಆಯಿತು.

ಕ್ಲಬ್ಬಿನ ಪಾಲು 10 ಎಂದಿಟ್ಟುಕೊಂಡು ಲೆಕ್ಕ ಹಾಕಿ. ತೆರಿಗೆ ಆ ಪಾಲಿನ ಮೇಲೆ ಮಾತ್ರ ಶೇ 28 ಆದರೆ, 100 ಕಟ್ಟಿದವರಿಗೆ ಒಟ್ಟಾರೆ 87 ರೂಪಾಯಿ 20 ಪೈಸೆ ಮರಳುತ್ತದೆ. ಪೂರ್ತಿ ಹಣದ ಮೇಲೆ ಶೇ 28 ಆದರೆ ಜೇಬಿನಿಂದ 128 ಹೋಗಿ 90 ಬರುತ್ತದೆ, ನೂರಕ್ಕೆ 70. ಶೇ 40 ಆದರೆ 140 ಹೋಗಿ 90, ನೂರಕ್ಕೆ 64. ಇಷ್ಟು ಕಡಿತದ ನೆಲದ ಮೇಲೆ ಚೆಂಡು ಎರಡು ಸಲ ಪುಟಿದರೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

‘ಇಳಿಯಲಿ ಬಿಡಿ, ಜೂಜು ನಿಂತರೆ ಒಳ್ಳೆಯದಲ್ಲವೇ’ ಎನ್ನುವವರಿದ್ದಾರೆ. ನಿಲ್ಲುವುದಾದರೆ ಒಳ್ಳೆಯದೇ. ಆದರೆ ಎಡದಂಡೆ ನಾಲೆಯ ತೂಬು ಮುಚ್ಚಿದರೆ ನೀರು ಏರಿಯ ಬಿರುಕನ್ನು ಹುಡುಕುತ್ತದೆ. ಲೆಕ್ಕವಿಲ್ಲದ ಬುಕ್ಕಿ ತೆರಿಗೆ ಕಟ್ಟುವುದಿಲ್ಲ, ಆದ್ದರಿಂದ ಅವನ ಕಡಿತ ಕಡಿಮೆ. ಕಟ್ಟುವವನು ಅತ್ತ ಹೋಗುತ್ತಾನೆ. ಸರಕಾರಕ್ಕೂ ಇಲ್ಲ, ಕ್ಲಬ್ಬಿಗೂ ಇಲ್ಲ, ಕುದುರೆ ಸಾಕುವವನಿಗೂ ಲಾಯದಲ್ಲಿ ದುಡಿಯುವವನಿಗೂ ಇಲ್ಲ.

ಹಾಗೆಂದು ಕಡಿತ ಇಳಿಸುವುದು ಬಡವನಿಗೆ ಉಪಕಾರ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಕುದುರೆ ರೇಸು ಬರೀ ಅದೃಷ್ಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದೆ. ಇರಬಹುದು. ಕುದುರೆಯ ವಂಶ, ತೂಕ, ಹಿಂದಿನ ಓಟ ಎಲ್ಲ ಓದಿ, ಕಡಿತಕ್ಕೆ ಮುಂಚಿನ ಲೆಕ್ಕದಲ್ಲಿ ನೂರಕ್ಕೆ 115 ಗಳಿಸಬಲ್ಲವನಿದ್ದರೆ, 10ರ ಕಡಿತದಲ್ಲಿ ಅವನ ಕೈಗೆ 103 ಬರುತ್ತದೆ. 20ರಲ್ಲಿ 92 ಮಾತ್ರ. ಕಡಿತ ಇಳಿದರೆ ನಷ್ಟದಿಂದ ಲಾಭಕ್ಕೆ ದಾಟುವವನು ಅವನೊಬ್ಬ. ಆ ಲಾಭ ಬರುವುದು ಉಳಿದವರ ಜೇಬಿನಿಂದ. ಅವರಿಗೆ ಸಿಗುವುದು ನಿಧಾನವಾಗಿ ಸೋಲುವ ಅವಕಾಶ, ಅಷ್ಟೇ.

ಈಗ ನಮ್ಮ ಓಣಿಗೆ ಬರೋಣ. ಓಸಿ ಚೀಟಿ ಬರೆಯುವವನನ್ನು ಹಿಡಿದಾಗ ಪೇಪರಿನಲ್ಲಿ ಬರುವ ಸುದ್ದಿ ಓದಿದ್ದೀರಿ: ‘ಒಂದು ರೂಪಾಯಿಗೆ 80 ರೂಪಾಯಿ ಕೊಡುತ್ತೇವೆ’ ಎಂದು ಕೂಗುತ್ತಿದ್ದ ಎಂದು. ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ ಅದು ಅಪರಾಧ. ಇರುವುದು ನೂರು ಅಂಕಿ, ಕೊಡುವುದು 80, ಕಡಿತ 20. ನೋಡಿ, ಕಾನೂನಿನ ರೇಸಿಗಿಂತ ಕಳ್ಳ ಆಟದ ಕಡಿತವೇ ಕಡಿಮೆ! ಅದೇ ಅದರ ಅಪಾಯ. ಇಲ್ಲಿ ಓದಿ ತಿಳಿಯಲು ಕುದುರೆಯೂ ಇಲ್ಲ, ಗೆದ್ದರೆ ಕೊಟ್ಟೇ ಕೊಡುತ್ತಾನೆಂಬ ಖಾತ್ರಿಯೂ ಇಲ್ಲ.

ಒಬ್ಬ ದಿನಕ್ಕೆ 20 ರೂಪಾಯಿಯಂತೆ ವರ್ಷವಿಡೀ ಓಸಿ ಬರೆಸಿದರೆ 7,300 ರೂಪಾಯಿ. ಸರಾಸರಿಯಲ್ಲಿ ವರ್ಷಕ್ಕೆ ಮೂರ್ನಾಲ್ಕು ಸಲ 1,600 ಹೊಡೆಯುತ್ತದೆ. ಆ ದಿನ ಮನೆಗೆ ಮಿಠಾಯಿ ಬರುತ್ತದೆ, ಹುಡುಗರಿಗೆ ಅದೇ ನೆನಪಿರುತ್ತದೆ. ಒಟ್ಟು ಬಂದದ್ದು 5,840, ಹೋದದ್ದು 1,460. ಬಂದದ್ದನ್ನೇ ಮತ್ತೆ ಬರೆಸಿದರೆ ಎರಡನೇ ಸುತ್ತಿಗೆ ಉಳಿಯುವುದು 4,672. ಎಷ್ಟನೇ ಸುತ್ತಿಗೆ ಸಾವಿರದ ಕೆಳಗೆ ಇಳಿಯುತ್ತದೆ ಎಂಬುದನ್ನು ಹುಡುಗರು ಹಾಳೆಯ ಮೇಲೆ ಮಾಡಿ ಅಪ್ಪನಿಗೆ ತೋರಿಸಲಿ. ಉತ್ತರ ಒಂಬತ್ತು.