ಚೀಲ ಹಗುರ ಮಾಡಿ

ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳ ಮುಂದೆ ತೂಕದ ಮಾತಿನಲ್ಲಿ ಯಾರೂ ಸಡಿಲ ಬಿಡುವುದಿಲ್ಲ. ಅರ್ಧ ಕಿಲೋ ಹೆಚ್ಚುಕಮ್ಮಿಯಾದರೆ ರೈತನೂ ದನಿ ಎತ್ತುತ್ತಾನೆ, ಖರೀದಿದಾರನೂ ಎತ್ತುತ್ತಾನೆ. ಅದೇ ಚೀಲವನ್ನು ಬೆನ್ನಿಗೇರಿಸಿಕೊಂಡು, ಹಲಗೆ ಹತ್ತಿ, ಲಾರಿಯಲ್ಲಿ ಒಟ್ಟುವ ಹಮಾಲನ ಸೊಂಟದ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ. “ಅವರಿಗೆ ರೂಢಿ ಆಗೇತಿ ಬಿಡ್ರಿ” ಎಂದು ಮಾತು ಮುಗಿಸುತ್ತೇವೆ.

ಬೆನ್ನುಮೂಳೆಗೆ ರೂಢಿ ಗೊತ್ತಿಲ್ಲ. ಬಗ್ಗಿ, ಮೈ ತಿರುಚಿ ಭಾರ ಎತ್ತಿದಾಗ ಮೂಳೆಗಳ ನಡುವಿನ ಮೆತ್ತೆಯ ಮೇಲೆ ಬೀಳುವ ಒತ್ತಡ ಚೀಲದ ತೂಕದ ಹಲವು ಪಟ್ಟು.

ಮೈಮೇಲಿನ ಈ ಹೊರೆಯನ್ನು ಅಂದಾಜು ಮಾಡಲು ದುಬಾರಿ ಯಂತ್ರ ಬೇಕೇ ಬೇಕೆಂದಿಲ್ಲ. ಫಿನ್ಲೆಂಡಿನ ಓವಾಕೊ ಉಕ್ಕಿನ ಕಂಪನಿಯಲ್ಲಿ 1970ರ ದಶಕದಲ್ಲೇ ‘ಓವಾಸ್’ ಎಂಬ ಪದ್ಧತಿ ಹುಟ್ಟಿತು. ಬೆನ್ನಿಗೆ 4, ತೋಳಿಗೆ 3, ಕಾಲಿಗೆ 7 ಭಂಗಿಗಳು. ಭಾರಕ್ಕೆ 3 ದರ್ಜೆ. ಕೆಲಸ ನಡೆಯುವಲ್ಲಿ ನಿಂತು, ಸ್ವಲ್ಪಸ್ವಲ್ಪ ಹೊತ್ತಿಗೊಮ್ಮೆ ಕಂಡ ಭಂಗಿಯನ್ನು ಅಂಕಿಯಲ್ಲಿ ಗುರುತು ಹಾಕುತ್ತ ಹೋದರಾಯಿತು. ಪೆನ್ಸಿಲ್, ಹಾಳೆ, ಗಡಿಯಾರ ಸಾಕು! ಅದರಲ್ಲಿ ಭಾರದ ಕೊನೆಯ ದರ್ಜೆ 20 ಕಿಲೋ ದಾಟಿದ ಕೂಡಲೇ ಶುರು. ದುಡಿಯುವವರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಭಾರ ಎತ್ತುವುದಕ್ಕೆಂದು ಮಾಡಿದ 1991ರ ಸೂತ್ರದಲ್ಲಂತೂ ಎಲ್ಲ ಅನುಕೂಲವಿದ್ದರೂ ಮಿತಿ 23 ಕಿಲೋ. ನಮ್ಮ ಸಿಮೆಂಟ್ ಚೀಲ 50.

ಚೀಲದ ತೂಕವೇನು ಶಿಲಾಶಾಸನವೇ? 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕಿಲೋಗೆ ಇಳಿಯಿತು. ಹೊರುವವರ ಮೇಲಿನ ಕರುಣೆಯಿಂದಲ್ಲ, ಹೊಲಕ್ಕೆ ಯೂರಿಯಾ ಸುರಿಯುವುದು ಕಡಿಮೆಯಾಗಲಿ ಎಂದು. ಮಣ್ಣಿಗಾಗಿ ಇಳಿದದ್ದು ಮನುಷ್ಯನಿಗಾಗಿ ಏಕೆ ಇಳಿಯದು?

ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳೇ, ಭಂಗಿ ಗುರುತು ಹಾಕಲು ನಿಮ್ಮ ಹುಡುಗ ಹುಡುಗಿಯರನ್ನು ಯಾರ್ಡಿಗೆ ಕಳಿಸಿ. ನಾಟಿ ಗದ್ದೆಗೆ, ಗಾರ್ಮೆಂಟ್ಸಿನ ಹೊಲಿಗೆ ಸಾಲಿಗೆ, ಗಾರೆ ಕೆಲಸದ ಜಾಗಕ್ಕೂ ಕಳಿಸಿ. ಬರೆದುಕೊಂಡದ್ದನ್ನು ಮೊದಲು ದುಡಿಯುವವರಿಗೇ ಓದಿ ಹೇಳಲಿ; ಎಲ್ಲಿ ನೋಯುತ್ತದೆಂದು ಅವರನ್ನೇ ಕೇಳಲಿ. ಅಳೆದು ವರದಿಯನ್ನು ಬೀರುವಿಗೆ ಸೇರಿಸುವುದಾದರೆ ದಯವಿಟ್ಟು ಹೋಗಲೇಬೇಡಿ.

ಹಮಾಲರ ಸಂಘದವರೇ, ನಿಮ್ಮ ಅಳುಕು ಅರ್ಥವಾಗುತ್ತದೆ. ಕೂಲಿ ಚೀಲಕ್ಕಿಷ್ಟು ಎಂದಿರುವಾಗ ಚೀಲ ಸಣ್ಣದಾದರೆ ಕೂಲಿಯೂ ಸಣ್ಣದಾದೀತು. ಅದಕ್ಕೇ ಎರಡನ್ನೂ ಒಟ್ಟಿಗೆ ಕೇಳಿ: 25 ಕಿಲೋ ಚೀಲ, ಕ್ವಿಂಟಲ್ ಲೆಕ್ಕದ ಹಮಾಲಿ. ವರ್ತಕರೇ, ಚೀಲ ಹೆಚ್ಚಾದರೆ ಖರ್ಚೂ ಹೆಚ್ಚುತ್ತದೆ, ಸುಳ್ಳಲ್ಲ. ಆ ಖರ್ಚನ್ನು ಇಷ್ಟು ವರ್ಷ ಇನ್ನೊಬ್ಬರ ಸೊಂಟ ಭರಿಸಿದೆ. ಈ ಸುಗ್ಗಿಗೆ ಒಂದೇ ಒಂದು ಯಾರ್ಡಿನಲ್ಲಾದರೂ ಲಾರಿಯ ಎತ್ತರಕ್ಕೆ ಕಟ್ಟೆ ಕಟ್ಟಿಸಿ, ಸಣ್ಣ ಚೀಲ ತುಂಬಿಸಲು ಶುರುಮಾಡಿ.